ಎಂಜಿನು ನಿಂತ ಹಡಗಿನ ಕಲಮು

ಮೊನ್ನೆ ಸ್ಟ್ಯಾಂಪ್ ಪ್ಯಾಡು ಹುಡುಕುತ್ತ ಮೇಜಿನ ಕೆಳಗಿನ ಡ್ರಾಯರು ಎಳೆದೆ. ಅದು ಅರ್ಧಕ್ಕೆ ಬಂದು ನಿಲ್ಲುವ ಜಾತಿಯದು. ಉಳಿದರ್ಧಕ್ಕೆ ಮೊಣಕಾಲು ಒತ್ತಿ ಜಗ್ಗಬೇಕು. ಜಗ್ಗಿದಾಗ ಸಿಕ್ಕಿದ್ದು ಸ್ಟ್ಯಾಂಪ್ ಪ್ಯಾಡಲ್ಲ, ಹೆಬ್ಬೆರಳ ಗಾತ್ರದ ಬೂದು ಬಣ್ಣದ ಪ್ಲಾಸ್ಟಿಕ್ ಹಡಗು. ನೀರಿನ ಹಡಗಲ್ಲ, ಆಕಾಶದ್ದು. ಎರಡು ರೆಕ್ಕೆಗಳಲ್ಲಿ ಒಂದು ಮುರಿದಿದೆ. ಮೂತಿಗೆ ಹಸಿರು ಬಲೆನೂಲಿನ ಗಂಟು, ಗಂಟಿನಿಂದ ಗೇಣುದ್ದ ನೂಲು ಇಳಿಬಿದ್ದಿದೆ.

ಒಳಗಿನಿಂದ ಸುಜಾತ ಕೇಳಿದಳು, "ಎಂತ ಹುಡ್ಕುದ್ ನೀವ್?"

"ಸ್ಟ್ಯಾಂಪ್ ಪ್ಯಾಡ್."

"ಸಿಕ್ತಾ?"

"ಹಡಗ್ ಸಿಕ್ತ್."

"ಹಂಗಾರೆ ಇವತ್ತಿನ್ ಕೆಲ್ಸ ಮುಗೀತ್ ಬಿಡಿ" ಎಂದಳು. ಇಪ್ಪತ್ತೇಳು ವರ್ಷ ನನ್ನೊಡನೆ ಸಂಸಾರ ಮಾಡಿದವಳು, ಅವಳ ಅಂದಾಜು ತಪ್ಪುವುದು ಕಡಿಮೆ. ನಾನು ಕುರ್ಚಿಗೆ ಒರಗಿ ಆ ಹಡಗನ್ನು ಅಂಗೈಯಲ್ಲಿಟ್ಟುಕೊಂಡು ಕೂತೆ. ಅದಕ್ಕೆ ನೂಲು ಯಾಕೆ ಕಟ್ಟಿದೆ ಎಂದು ಹೇಳುವುದಕ್ಕೇ ಈಗ ಬರೆಯುತ್ತಿದ್ದೇನೆ. ಆದರೆ ನನಗೆ ನೇರವಾಗಿ ಹೇಳಲು ಬಾರದು, ಸ್ವಲ್ಪ ಸಹಿಸಿಕೊಳ್ಳಿ.

ನಾನು ಕುಂದಾಪುರದಲ್ಲಿ ಪತ್ರ ಬರೆಯುವವನು. ಕ್ರಯಪತ್ರ, ಪಾಲುಪಟ್ಟಿ, ದಾನಪತ್ರ, ಕರಾರು. ಮನೆ ತಲ್ಲೂರಿನಲ್ಲಿ, ಹೆದ್ದಾರಿಯಿಂದ ನಾಲ್ಕು ಹೆಜ್ಜೆ ಒಳಗೆ. ಮೂವತ್ತು ವರ್ಷಗಳಿಂದ ಬರೆದೂ ಬರೆದೂ ನನ್ನ ತಲೆಯಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿತ್ತು. ಜಗತ್ತಿನ ಜಗಳಗಳೆಲ್ಲ ಆಗುವುದು ಯಾರೋ ಒಂದು ವಾಕ್ಯವನ್ನು ಸರಿಯಾಗಿ ಬರೆಯದೆ ಹೋದದ್ದರಿಂದ. ನನ್ನಂಥವನೊಬ್ಬ ಮೊದಲೇ ಕೂತು ಚಕ್ಕುಬಂದಿ ಹಾಕಿ ಬರೆದಿದ್ದರೆ ಯಾರೂ ಯಾರೊಂದಿಗೂ ಮಾತು ಬಿಡುವ ಪ್ರಸಂಗ ಬರುತ್ತಿರಲಿಲ್ಲ. ಇದನ್ನು ಬಂದವರಿಗೆಲ್ಲ ಹೇಳುತ್ತಲೂ ಇದ್ದೆ.

ಈ ರೋಗ ಮದುವೆಗೆ ಮೊದಲೇ ಇತ್ತು. ನಿಶ್ಚಿತಾರ್ಥ ಆದಮೇಲೆ ಕೊಕ್ಕರ್ಣೆಯಲ್ಲಿದ್ದ ಸುಜಾತಳಿಗೆ ಒಂದು ಕಾಗದ ಬರೆದೆ. ಹೃದಯ ತುಂಬಿ ಬರೆದೆನೆಂದೇ ನನ್ನ ಭಾವನೆ. ಅದು ಮೊದಲು ಸಿಕ್ಕಿದ್ದು ಅವಳ ಅಣ್ಣ ಜಯರಾಮನ ಕೈಗೆ. ಅದರಲ್ಲಿ 'ಸದರಿ' ಏಳು ಕಡೆ ಇತ್ತಂತೆ, 'ಮೇಲ್ಕಂಡ ಕಾರಣಗಳಿಂದ' ಎರಡು ಕಡೆ. ಮದುವೆಯ ದಿನ ಧಾರೆ ಮುಗಿದ ಮೇಲೆ ಜಯರಾಮ ಬಾವ ಕಿವಿಯ ಹತ್ತಿರ ಬಗ್ಗಿ, "ಬಾವ, ಆ ಕಾಗ್ದಕ್ ಸಾಕ್ಷಿ ಸಹಿ ನಾನೇ ಹಾಕ್ಕಾ?" ಎಂದು ಕೇಳಿದರು. ಬಾವ ಗದ್ದೆ ಮಾಡುವವರು, ಮಾತು ಕಡಿಮೆ. ವರ್ಷಕ್ಕೆ ನಾಲ್ಕು ಮಾತಾಡಿದರೆ ಅದರಲ್ಲಿ ಮೂರು ನನ್ನ ಮೇಲೆಯೇ ಇರುತ್ತವೆ.

ಆಟದ ವಿಷಯಕ್ಕೆ ಬರುತ್ತೇನೆ. ಅದನ್ನು ತಂದವನು ಗೋವಿಂದ. ನಾವಿಬ್ಬರೂ ಯಡ್ತರೆಯವರು, ಒಂದನೆಯ ಕ್ಲಾಸಿನಿಂದ ಹತ್ತನೆಯವರೆಗೆ ಒಂದೇ ಬೆಂಚು. ಮುಂದೆ ನಾನು ತಲ್ಲೂರಿಗೆ ಬಂದೆ, ಅವನು ಕಡಲಿಗೆ ಹೋದ. ಈಗ ಅವನದೇ ಒಂದು ಬೋಟಿದೆ, ತಾಂಡೇಲನೂ ಅವನೇ. ತಾಂಡೇಲ ಎಂದರೆ ಬೋಟು ನಡೆಸುವವನು. ಎಲ್ಲಿ ಬಲೆ ಹಾಕಬೇಕು, ಯಾವಾಗ ತಿರುಗಬೇಕು ಎಂದು ಹೇಳುವವನು. ಮಳೆಗಾಲದ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಗೋವಿಂದನಿಗೆ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ದೊಡ್ಡ ಹಡಗುಗಳಲ್ಲಿ ಅಡುಗೆ ಮಾಡಿಕೊಂಡಿದ್ದು ಊರಿಗೆ ಮರಳಿದ ನೆರೆಮನೆಯವರೊಬ್ಬರು, ಯಾರೋ ಪರದೇಶಿ ಎಂಜಿನಿಯರು ಬಿಟ್ಟುಹೋದ ಈ ಪೆಟ್ಟಿಗೆಯನ್ನು ಅವನಿಗೆ ಕೊಟ್ಟರಂತೆ. ಅವನು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನೇರ ನನ್ನಲ್ಲಿಗೆ ಬಂದ.

"ಇದ್ರಂಗ್ ಎಂತೋ ಬರ್ದಿತ್ತ್ ಮಾರಾಯ. ಓದುದ್ ನಿನ್ ಕೆಲ್ಸ" ಎಂದ.

ಪೆಟ್ಟಿಗೆಯಲ್ಲಿ ನಾಲ್ಕು ಮಡಿಕೆಯ ಕಪ್ಪು ಹಾಳೆ, ಅದರ ತುಂಬ ಆರು ಮೂಲೆಯ ಮನೆಗಳು, ನಡುನಡುವೆ ನಕ್ಷತ್ರಗಳ ಚುಕ್ಕೆ. ಎರಡು ದಾಳ. ನಾಲ್ಕು ಸಣ್ಣ ಹಡಗುಗಳು. ಅವುಗಳನ್ನು ಹೊಡೆಯಬೇಕಾದ ಒಂದು ದೊಡ್ಡ ಹಡಗೂ ಇರಬೇಕಿತ್ತು, ಅದು ಎಲ್ಲೋ ಕಳೆದಿತ್ತು. ಸುಜಾತ ಅದರ ಬದಲಿಗೆ ಒಂದು ಗೇರುಬೀಜ ಕೊಟ್ಟಳು. ಆ ವಾರ ಹಲಸಿನಹಣ್ಣು ಕೊಡಲು ಬಂದಿದ್ದ ಜಯರಾಮ ಬಾವ ಗೇರುಬೀಜದ ಕಪ್ತಾನರಾದರು. ಆಮೇಲೆ ಪ್ರತಿ ಭಾನುವಾರ ಊಟವಾದ ಮೇಲೆ ಗೋವಿಂದ ಯಡ್ತರೆಯಿಂದ, ಬಾವ ಕೊಕ್ಕರ್ಣೆಯಿಂದ ತಲ್ಲೂರಿಗೆ ಬರುವುದು, ನಮ್ಮ ಚಾವಡಿಯಲ್ಲಿ ಐವತ್ತು ದಾಟಿದ ಮೂವರು ಗಂಡಸರು ನಕ್ಷತ್ರಗಳ ನಡುವೆ ಯುದ್ಧ ಮಾಡುವುದು. ನೀವು ನಗಬಹುದು. ಸುಜಾತ ನಗುತ್ತಿದ್ದಳು.

ನನಗೆ ಮಳೆಗಾಲದಲ್ಲಿ ಕೂತು ಆಡುವುದು ಹೊಸದಲ್ಲ. ಸಣ್ಣವನಿದ್ದಾಗ ಆಸಾಡಿ ತಿಂಗಳು ಬಂತೆಂದರೆ ಅಜ್ಜಿ ಅಟ್ಟದಿಂದ ಚೆನ್ನೆಮಣೆ ಇಳಿಸುತ್ತಿದ್ದಳು. ಕೆಂಪು ಬೀಜಗಳನ್ನು ಕುಳಿಗಳಲ್ಲಿ ಹಾಕುತ್ತ ಹೋಗುವ ಆಟ. ಅಜ್ಜಿಯ ಬೆರಳುಗಳಿಗೆ ಸದಾ ಹೊಗೆಸೊಪ್ಪಿನ ವಾಸನೆ, ಬೀಜಗಳಿಗೂ ಅದೇ ವಾಸನೆ. ಅವಳು ಗೆಲ್ಲುತ್ತಿರುವಷ್ಟು ಹೊತ್ತು ನಿಯಮಗಳು ನೆಟ್ಟಗಿರುತ್ತಿದ್ದವು. ಸೋಲು ಕಂಡಿತೋ, "ಅದೊಂದ್ ನಿಂಗ್ ಹೇಳುಕ್ ಮರ್ತಿದೆ ಮಗ" ಎಂದು ಹೊಸದೊಂದು ಹೊರಡುತ್ತಿತ್ತು. ಒಮ್ಮೆ ನಾನು ರೋಸಿಹೋಗಿ ಸ್ಲೇಟಿನಲ್ಲಿ ನಿಯಮಗಳನ್ನೆಲ್ಲ ಒಂದು ಎರಡು ಎಂದು ಬರೆದು ಅವಳ ಮುಂದೆ ಹಿಡಿದೆ. ಅಜ್ಜಿ ಸೆರಗಿನ ತುದಿಗೆ ಉಗುಳು ಮುಟ್ಟಿಸಿ ಸ್ಲೇಟು ಒರೆಸಿದಳು.

"ಆಡುಕ್ ಬಂದದ್ದಾ ನೀನ್, ಬರಿಯುಕ್ ಬಂದದ್ದಾ?" ಎಂದು ಕೇಳಿದಳು.

ನಮ್ಮ ಆಕಾಶದ ಆಟದಲ್ಲಿ ನಾಲ್ಕು ಸಣ್ಣ ಹಡಗುಗಳು ಸೇರಿ ಒಂದು ತುಕಡಿ. ಎರಡನ್ನು ನಾನು ನಡೆಸುತ್ತಿದ್ದೆ, ಎರಡನ್ನು ಗೋವಿಂದ. ಗೇರುಬೀಜದ ಗುಂಡು ತಪ್ಪಿಸಿಕೊಂಡು ತುಕಡಿ ಹಾಳೆಯ ಆಚೆ ಅಂಚು ದಾಟಿದರೆ ನಮಗೆ ಗೆಲುವು. ನಿಯಮದ ಪುಸ್ತಕದಲ್ಲಿ ತುಕಡಿಯ ಬಗ್ಗೆ ಎರಡು ಮಾತಿದ್ದವು. ತುಕಡಿಯ ಹಡಗುಗಳು ಯಾವಾಗಲೂ ಜೊತೆಯಾಗಿಯೇ ಚಲಿಸಬೇಕು ಎಂಬುದು ಒಂದು. ಎಂಜಿನಿಗೆ ಗುಂಡು ತಗುಲಿದ ಹಡಗು ಇದ್ದಲ್ಲಿಯೇ ನಿಲ್ಲಬೇಕು ಎಂಬುದು ಇನ್ನೊಂದು. ಒಂದೊಂದನ್ನೇ ಓದಿದರೆ ಎರಡೂ ಸ್ಪಷ್ಟ. ಆದರೆ ತುಕಡಿಯಲ್ಲಿ ಒಂದು ಹಡಗಿನ ಎಂಜಿನು ನಿಂತರೆ ಉಳಿದ ಮೂರು ಏನು ಮಾಡಬೇಕು? ಅದರೊಡನೆ ನಿಂತುಬಿಡಬೇಕೋ, ಬಿಟ್ಟು ಹೋಗಬೇಕೋ? ಪುಸ್ತಕ ಬರೆದವನು ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದ.

ಕಳೆದ ಜುಲೈಯ ಮೊದಲ ಭಾನುವಾರ ಆದದ್ದು ಅದೇ. ಬಾವನ ದಾಳಕ್ಕೆ ಆರು ಬಿತ್ತು, ಗೋವಿಂದನ ಮುರಿದ ರೆಕ್ಕೆಯ ಹಡಗಿನ ಎಂಜಿನು ನಿಂತಿತು. ಆಚೆ ಅಂಚಿಗೆ ಇನ್ನು ಐದೇ ಮನೆ.

ಬಾವ ಹೇಳಿದರು, "ನಾಲ್ಕೂ ನಿಲ್ಕ್. ಜೊತೆಯಂಗೇ ಹೋಯ್ಕ್ ಅಂದೇಳಿ ಇತ್ತಲ್ದಾ." ನಾಲ್ಕೂ ನಿಂತರೆ ಒಂದೊಂದಾಗಿ ಹೊಡೆಯಬಹುದು ಎಂಬ ಲೆಕ್ಕ ಅವರದು.

ನನ್ನೊಳಗಿನ ಪತ್ರಬರಹಗಾರ ಎದ್ದು ಕೂತ. ಚಲಿಸದೆ ಇರುವ ಹಡಗು ತುಕಡಿಯ ಹಡಗೇ ಅಲ್ಲ, ಎಂಜಿನು ನಿಂತ ಕ್ಷಣಕ್ಕೆ ಅದು ತುಕಡಿಯಿಂದ ಹೊರಗಾಯಿತು, ಆದ್ದರಿಂದ ಉಳಿದ ಮೂರು ಹೋಗಬಹುದು ಎಂದು ವಾದ ಹೂಡಿದೆ. ನನ್ನ ಎರಡನ್ನೂ ಗೋವಿಂದನ ಇನ್ನೊಂದನ್ನೂ ನಾನೇ ಎತ್ತಿ ಮುಂದಿಟ್ಟೆ.

ಗೋವಿಂದ ಹಾಳೆಯನ್ನೇ ನೋಡುತ್ತಿದ್ದ. "ಬಿಟ್ಟಿಕ್ ಹೋಪುದಾ?" ಎಂದು ಕೇಳಿದ.

"ಬಿಟ್ಟಿಕ್ ಹೋಪುಕಾಗ ಅಂದೇಳಿ ಎಲ್ಲಿಯೂ ಬರ್ದಿಲ್ಲ ಮಾರಾಯ" ಎಂದೆ. ನನ್ನ ಜಾಣತನಕ್ಕೆ ನಾನೇ ಸ್ವಲ್ಪ ನಕ್ಕೆ ಎಂದೂ ಒಪ್ಪಿಕೊಳ್ಳಬೇಕು.

ಗೋವಿಂದ ಎದ್ದ. ಗೂಟದಲ್ಲಿದ್ದ ರೈನ್‌ಕೋಟು ತೆಗೆದುಕೊಂಡ. ಸುಜಾತ ಒಳಗಿನಿಂದ ಚಾ ತರುತ್ತಿದ್ದಳು. "ಬತ್ತೆ ಅಕ್ಕ" ಎಂದು ಅವಳಿಗೆ ಮಾತ್ರ ಹೇಳಿ, ಸ್ಕೂಟರು ಹತ್ತಿ ಹೋದ. ಮುಂದಿನ ಭಾನುವಾರ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ.

ನನಗೆ ಹೊಳೆದ ಕಾರಣ ಒಂದೇ. ನಿಯಮ ಸ್ಪಷ್ಟವಾಗಿಲ್ಲ, ಅದಕ್ಕೇ ಜಗಳ. ಹಾಗಾದರೆ ಮದ್ದು ನನ್ನ ಕೈಯಲ್ಲೇ ಇದೆಯಲ್ಲ? ಎರಡು ದಿನ ಕೂತು 'ತುಕಡಿ ನಿಯಮಗಳ ಸ್ಪಷ್ಟೀಕರಣ' ಎಂಬ ಮೂರು ಪುಟದ ದಾಖಲೆ ತಯಾರಿಸಿದೆ. ಒಟ್ಟು ಹದಿನಾಲ್ಕು ಕಲಮು. ಹನ್ನೊಂದನೆಯದು ಹೀಗಿತ್ತು: 'ಸದರಿ ತುಕಡಿಯ ಪೈಕಿ ಯಾವುದೇ ಹಡಗಿನ ಎಂಜಿನು ಶತ್ರುವಿನ ಗುಂಡಿನಿಂದಾಗಲಿ ಇತರೇ ಕಾರಣದಿಂದಾಗಲಿ ಸ್ಥಗಿತಗೊಂಡಲ್ಲಿ, ಸದರಿ ಹಡಗು ಸದರಿ ತುಕಡಿಯಿಂದ ತಾನಾಗಿಯೇ ಬೇರ್ಪಟ್ಟಿದೆಯೆಂದು ಭಾವಿಸತಕ್ಕದ್ದು; ಅದರ ಬಗ್ಗೆ ಉಳಿದ ಹಡಗುಗಳಿಗೆ ಯಾವ ಬಾಧ್ಯತೆಯೂ ಇರತಕ್ಕದ್ದಲ್ಲ.' ಫೋಟೋ ತೆಗೆದು ಇಬ್ಬರಿಗೂ ವಾಟ್ಸಾಪಿನಲ್ಲಿ ಕಳಿಸಿದೆ.

ಬಾವನ ಫೋನು ಬಂತು. "ಓದ್ದೆ ಬಾವ. ಜಾಗ ಯಾರಿಗ್ ಹೋಯ್ತ್ ಅಂದೇಳಿ ಮಾತ್ರ ಗೊತ್ತಾಯ್ಲಿಲ್ಲ" ಎಂದರು. ಗೋವಿಂದನ ಕಡೆಯಿಂದ ಎರಡು ನೀಲಿ ಗೆರೆ ಮಾತ್ರ ಬಂದವು.

ನಾಲ್ಕು ದಿನ ಆ ನೀಲಿ ಗೆರೆಗಳನ್ನೇ ನೋಡಿಕೊಂಡಿದ್ದೆ. ನನಗೆ ಗೆಳೆಯರು ಹೆಚ್ಚಿಲ್ಲ. ಕಚೇರಿಗೆ ಬರುವವರು ಪತ್ರ ಮುಗಿದ ಮೇಲೆ ಎದುರು ಸಿಕ್ಕರೂ ಗುರುತು ಹಿಡಿಯುವುದಿಲ್ಲ. ಒಂದೇ ಬೆಂಚಿನಲ್ಲಿ ಕೂತವನು, ನನ್ನ ತಂದೆ ತೀರಿಕೊಂಡಾಗ ಕಡಲಿನಿಂದ ನೇರ ಒದ್ದೆ ಬಟ್ಟೆಯಲ್ಲೇ ಬಂದವನು, ಒಂದು ಪ್ಲಾಸ್ಟಿಕ್ ಹಡಗಿನ ದೆಸೆಯಿಂದ ಮಾತು ಬಿಟ್ಟರೆ? ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಯಿತು. ಸುಜಾತ ಕಾಯಿ ತುರಿಯುತ್ತ ಹೇಳಿದಳು, "ಅವ್ರ್ ಸಿಟ್ಟ್ ಮಾಡ್ಕಂಡದ್ ಆಟಕ್ಕಲ್ಲ. ನೀವ್ ಮತ್ತೊಂದ್ ಕಾಗ್ದ ಬರಿಬೇಡಿ. ಹೋಯಿ ಕಂಡ್ಕ ಬನಿ."

ಹೋದೆ. ಬೈಂದೂರಿನ ಬಸ್ಸು ಹಿಡಿದು ಹೋಗಿ, ಅಲ್ಲಿಂದ ರಿಕ್ಷಾದಲ್ಲಿ ಬೋಟುಗಳು ತಂಗುವ ದಕ್ಕೆಗೆ. ಬೋಟುಗಳೆಲ್ಲ ಹೊಳೆಯಂಚಿನಲ್ಲಿ ಟಾರ್ಪಾಲು ಹೊದ್ದು ಸಾಲಾಗಿ ನಿಂತಿದ್ದವು. ಗೋವಿಂದ ಒಂದು ಶೆಡ್ಡಿನ ಕೆಳಗೆ ಕೂತು ಹರಿದ ಬಲೆಯ ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಹೆಣೆಯುತ್ತಿದ್ದ. ನನ್ನನ್ನು ಕಂಡು ಪಕ್ಕದಲ್ಲಿದ್ದ ಡಬ್ಬಿಯನ್ನು ಮಗುಚಿ ಹಾಕಿದ, ಕೂರಲಿಕ್ಕೆ. ನಾನು ಕೂತೆ, ಅವನು ಇನ್ನಷ್ಟು ಹೆಣೆದ.

ಕಡೆಗೆ ಅವನೇ ಶುರುಮಾಡಿದ. "ನಿನ್ ಸ್ಪಷ್ಟೀಕರಣ ಓದ್ದೆ. ಹನ್ನೊಂದ್ನೇದ್ ಎರಡ್ ಸಲ ಓದ್ದೆ."

"ಅದ್ ಸರಿಯಿಲ್ದಿರೆ ತಿದ್ದುವ" ಎಂದೆ.

"ಬರ್ದಿಲ್ಲ ಅಂದೇಳಿ ನೀನ್ ಆವತ್ ಅಂದೆ ಅಲ್ದಾ? ಶಂಕರನೂ ಅದೇ ಅಂದದ್. ಒಂದ್ ಅಕ್ಷರ ಆಚೀಚೆ ಇಲ್ಲ."

ಶಂಕರ ಎಂದರೆ ಅವನ ತಮ್ಮ. ತಂದೆಯ ಹಳೆಯ ಬೋಟನ್ನು ಮಾರಿ ಅಣ್ಣತಮ್ಮಂದಿರು ಒಂದೊಂದು ಬೋಟು ಮಾಡಿಕೊಂಡಿದ್ದರು. ಎರಡೂ ಜತೆಯಾಗಿಯೇ ಕಡಲಿಗೆ ಹೋಗುವುದು, ಒಬ್ಬನಿಗೆ ಮೀನು ಕಂಡರೆ ವಯರ್‌ಲೆಸ್ಸಿನಲ್ಲಿ ಇನ್ನೊಬ್ಬನಿಗೆ ಹೇಳುವುದು ಎಂದು ಇಬ್ಬರ ನಡುವೆ ಕರಾರೂ ಆಗಿತ್ತು. ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಗೋವಿಂದ ಬಲೆಯಿಂದ ಕಣ್ಣೆತ್ತದೆ ಹೇಳಿದ. ಹಿಂದಿನ ನವೆಂಬರಿನಲ್ಲಿ ಒಂದು ಮಧ್ಯಾಹ್ನ ಅವನ ಬೋಟಿನ ಎಂಜಿನು ನಿಂತಿತು. ಬೋಟಿನಲ್ಲಿ ಏಳು ಜನ. ಗಾಳಿ ಬೇರೆ ಏಳುತ್ತಿತ್ತು. ಶಂಕರ ಒಂದು ಗಂಟೆಯ ದಾರಿಯಲ್ಲಿದ್ದ, ವಯರ್‌ಲೆಸ್ಸಿನಲ್ಲಿ ಸಿಕ್ಕಿದ. ಅವನ ಬೋಟಿನ ತುಂಬ ಬಂಗುಡೆ ಮೀನು, ಐಸು ಕರಗುತ್ತ ಬಂದಿತ್ತು. ಹತ್ತಿರ ಬೇರೆ ಬೋಟುಗಳಿರಬಹುದು ಎಂದವನು ದಕ್ಕೆಯ ಕಡೆಗೆ ಮುಖ ಮಾಡಿದ. ಹತ್ತಿರ ಯಾವ ಬೋಟೂ ಇರಲಿಲ್ಲ. ಮರುದಿನ ಮಧ್ಯಾಹ್ನದವರೆಗೆ ಗಾಳಿ ಎಳೆದತ್ತ ತೇಲಿದರು. ಬೇರೆ ಊರಿನ ಗುರುತಿಲ್ಲದ ಬೋಟೊಂದು ಕಂಡು ಹಗ್ಗ ಕಟ್ಟಿ ಎಳೆದು ತಂದಿತು.

"ದಕ್ಕೆಯಂಗೆ ಎಲ್ರ್ ಎದ್ರಿಗ್ ಕೇಣ್ದೆ. ಎಂತಕ್ ಬರ್ಲಿಲ್ಲ ನೀನ್ ಅಂದೇಳಿ. ಕರಾರಂಗೆ ಬರ್ದಿಲ್ಲ ಅಂದ."

ಅಂದಿನಿಂದ ಎಂಟು ತಿಂಗಳು ಅಣ್ಣ ತಮ್ಮ ಮಾತಾಡಿರಲಿಲ್ಲ. ಮೀನು ಸಿಕ್ಕಲ್ಲಿ ಸಿಕ್ಕಿತು ಎಂದು ಎರಡು ಬೋಟೂ ಬೇರೆ ಬೇರೆ ಹೋಗಿದ್ದವು. ಕರಾರಿನ ಅವಧಿ ಜುಲೈ ಕೊನೆಗೆ ಮುಗಿಯುವುದಿತ್ತು. ಹೊಸದು ಮಾಡುವ ಮಾತನ್ನು ಇಬ್ಬರೂ ಎತ್ತಿರಲಿಲ್ಲ. ಹಾಗೇ ಬಿಟ್ಟರೆ ಮುಂದೆಯೂ ಎರಡು ಬೋಟು ಒಂಟಿಯಾಗಿಯೇ ಕಡಲಿಗೆ ಹೋಗುವುದು. ಎಂಜಿನು ಮತ್ತೆ ನಿಲ್ಲುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲವಲ್ಲ.

"ಕರಾರ್ ಬರ್ದದ್ ನಾನ್" ಎಂದೆ.

"ಗೊತ್ತಿತ್ತ್. ಅದಕ್ಕೇ ನಿಂಗ್ ಹೇಳ್ಲಿಲ್ಲ" ಎಂದ ಗೋವಿಂದ. ಹಲ್ಲಿನಲ್ಲಿ ನೂಲು ಕಡಿದ.

ಮರುದಿನ ಕಚೇರಿಯಲ್ಲಿ ಹಳೆಯ ಕಡತ ತೆಗೆದೆ. ಕರಾರಿನ ಕರಡು ಸಿಕ್ಕಿತು, ನನ್ನದೇ ಕೈಬರಹ. ಕೊನೆಯಲ್ಲಿ ಒಂದು ಸಾಲನ್ನು ಬರೆದು ಪೆನ್ಸಿಲಿನಿಂದ ಹೊಡೆದುಹಾಕಿದ್ದೆ: 'ಒಂದು ಬೋಟಿನ ಎಂಜಿನು ಕೆಟ್ಟಲ್ಲಿ ಮತ್ತೊಂದು ಬೋಟು ಇದ್ದ ಕೆಲಸ ಬಿಟ್ಟು ಬಂದು ಎಳೆದು ತರತಕ್ಕದ್ದು.' ಆ ದಿನ ಪೂರ್ತಿ ನೆನಪಾಯಿತು. ನಾನು ಈ ಸಾಲು ಓದಿದಾಗ ಅಣ್ಣ ತಮ್ಮ ಇಬ್ಬರೂ ನಕ್ಕಿದ್ದರು. ಗೋವಿಂದ, "ಇದನ್ನ ಎಂತ ಬರಿಯುದ್, ಬ್ಯಾಡ" ಎಂದಿದ್ದ. ಶಂಕರ ಇನ್ನೂ ಜೋರಾಗಿ ನಕ್ಕು, "ಸತ್ರೆ ಹೊರುಕ್ ಬತ್ತೆ ಅಂದೇಳಿ ಯಾರಾರೂ ಬರ್ಕೊಡ್ತ್ರಾ ಅಣ್ಣ?" ಎಂದಿದ್ದ. ನಮ್ಮ ಕಡಲ ಕರೆಯಲ್ಲಿ ಎಂಜಿನು ನಿಂತ ಬೋಟನ್ನು ಕಂಡವರು ಬಿಟ್ಟು ಬರುವುದಿಲ್ಲ. ಗುರುತಿಲ್ಲದವರದೂ ಅಷ್ಟೆ. ಅದು ಎಲ್ಲರಿಗೂ ಎಷ್ಟು ಗೊತ್ತೆಂದರೆ ಯಾರೂ ಅದನ್ನು ಮಾತಾಗಿ ಆಡುವುದೂ ಇಲ್ಲ.

ಅವರು ನಕ್ಕದ್ದರಿಂದ ನಾನು ಸಾಲು ಹೊಡೆದೆ ಎಂದು ಹೇಳಿ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಇನ್ನೊಂದು ಕಾರಣವೂ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಆ ಒಂದು ಸಾಲಿಗಾಗಿ ಕರಾರು ಎರಡನೆಯ ಹಾಳೆಗೆ ಹೋಗುತ್ತಿತ್ತು. ಒಂದೇ ಹಾಳೆಯಲ್ಲಿ ಮುಗಿಸುವುದು ನನ್ನ ದೊಡ್ಡಸ್ತಿಕೆ. ನನ್ನ ಹಾಳೆ ಅಂದವಾಗಿ ಕಾಣಲೆಂದು ಹೋದ ಸಾಲು ಅದು. ಕಡತ ಮುಚ್ಚಿದೆ. ನಾಚಿಕೆಯಾಗಿತ್ತು.

ಆ ಸಂಜೆ ಮನೆಗೆ ಬಂದು ಮೂರು ಪುಟದ ಸ್ಪಷ್ಟೀಕರಣವನ್ನು ಬಚ್ಚಲೊಲೆಗೆ ಹಾಕಿದೆ. ಆಟದ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿ ಬರೆದೆ: 'ಎಂಜಿನು ನಿಂತ ಹಡಗನ್ನು ಬಿಟ್ಟು ತುಕಡಿ ಹೋಗಬಾರದು. ಹಿಂದಕ್ಕೆ ಬಂದು, ಕಟ್ಟಿ, ಎಳೆದುಕೊಂಡು ಹೋಗಬೇಕು.' ಸುಜಾತ ಓದಿದಳು. "ಸದರಿ ಎಲ್ಲಿತ್ತ್?" ಎಂದು ಕೇಳಿದಳು. ಇಲ್ಲವೆಂದೆ. ಅವಳಿಗೆ ನನ್ನ ಆರೋಗ್ಯದ ಬಗ್ಗೆ ಸಂಶಯ ಬಂದಿರಬೇಕು.

ಮತ್ತೆ ಎರಡು ಫೋನು ಮಾಡಿದೆ. ಕರಾರಿನ ವಿಷಯ ಮಾತಾಡುವುದಿದೆ, ಭಾನುವಾರ ಮನೆಗೆ ಬಾ ಎಂದು ಗೋವಿಂದನಿಗೆ ಹೇಳಿದೆ. ಅದನ್ನೇ ಶಂಕರನಿಗೂ ಹೇಳಿದೆ. ಒಬ್ಬನಿಗೆ ಹೇಳಿದ್ದನ್ನು ಇನ್ನೊಬ್ಬನಿಗೆ ಹೇಳಲಿಲ್ಲ. ಪತ್ರಬರಹಗಾರ ಹೀಗೆ ಮಾಡಬಾರದು, ಆದರೂ ಮಾಡಿದೆ.

ಗೋವಿಂದ ಮೊದಲು ಬಂದ. ಬಾವ ಆಗಲೇ ಬಂದು ಗೇರುಬೀಜವನ್ನು ಹಾಳೆಯ ಮೇಲಿಟ್ಟು ಕಾಯುತ್ತಿದ್ದರು. ನಾನು ಮುಚ್ಚಳವನ್ನು ಗೋವಿಂದನ ಮುಂದೆ ಹಿಡಿದೆ. ಅವನು ಓದಿದ. ಅಂಗಿಯ ಕಿಸೆಯಿಂದ ಹಸಿರು ನೂಲಿನ ತುಂಡು ತೆಗೆದ, ಬಲೆ ಹೆಣೆಯುವವರ ಕಿಸೆಯಲ್ಲಿ ಅದು ಇದ್ದೇ ಇರುತ್ತದೆ. ಮುರಿದ ರೆಕ್ಕೆಯ ಹಡಗಿನ ಮೂತಿಗೆ ಗಂಟು ಹಾಕಿದ.

"ಎಳಿಯುಕ್ ಹಗ್ಗ ಬ್ಯಾಡ್ದಾ?" ಎಂದ, ಅಷ್ಟೆ. ನನ್ನೊಡನೆ ಅವನ ಸಿಟ್ಟು ಅಲ್ಲಿಗೆ ಮುಗಿಯಿತು.

ಆಮೇಲೆ ಶಂಕರ ಬಂದ. ಬಾಗಿಲಲ್ಲಿ ಅಣ್ಣನ ಚಪ್ಪಲಿ ಕಂಡು ಒಂದು ಕ್ಷಣ ನಿಂತ. "ಹ್ವಾಯ್, ಚಾ ಆರ್ತ್, ಒಳ್ಗ್ ಬನಿ" ಎಂದು ಸುಜಾತ ಕರೆದಳು, ಬಾರದೆ ಇರುವ ಹಾಗಿರಲಿಲ್ಲ. ಚಾವಡಿಯ ಆ ತುದಿಯ ಕುರ್ಚಿಯಲ್ಲಿ ಕೂತ. ನಾನು ಹೊಸ ಕರಾರನ್ನು ಓದತೊಡಗಿದೆ. ಇಬ್ಬರೂ ಗೋಡೆ ನೋಡುತ್ತ ಕೇಳಿದರು. ಕೊನೆಯ ಸಾಲಿಗೆ ಬಂದು, ಹೊಡೆದುಹಾಕಿದ್ದ ಮಾತನ್ನು ಓದಿದೆ. ಹೋದ ಸಲ ಇದನ್ನು ತೆಗೆದದ್ದು ನನ್ನ ತಪ್ಪು, ಹಾಳೆ ಉಳಿಸಲು ತೆಗೆದೆ ಎಂದೂ ಹೇಳಿದೆ.

ಗೋವಿಂದ ನನಗೆ ಹೇಳಿದ, "ಅದನ್ ಬರಿಬೇಡ. ಬರ್ದ್ರೆ ಕಾಗ್ದಕ್ ಹೆದ್ರಿ ಬಂದಂಗ್ ಆತ್ತ್. ಹಂಗ್ ಬಪ್ಪುದ್ ನಂಗ್ ಬ್ಯಾಡ."

ಶಂಕರನೂ ನನಗೇ ಹೇಳಿದ, "ಇಲ್ಲ ಅಣ್ಣ, ಅದನ್ ಬರೀನಿ."

"ಬ್ಯಾಡ ಅಂದೆ ಅಲ್ದಾ."

"ನಿಂಗ್ ಬ್ಯಾಡ್ದಿರ್ಗ್. ನಂಗ್ ಬೇಕ್." ಈ ಸಲ ಅವನು ನನ್ನ ಕಡೆ ನೋಡಲಿಲ್ಲ, ಅಣ್ಣನನ್ನೇ ನೋಡಿದ. "ಬೇರೆ ಬೋಟ್ ಹತ್ರ ಇತ್ತ್ ಅಂದ್ಕಂಡೆ. ಇದ್ದಿರ್ಲಿಲ್ಲ. ದಕ್ಕೆಯಂಗೆ ಎಲ್ರ್ ಎದ್ರಿಗ್ ಕೇಣ್ದಾಗ ಹೇಳುಕ್ ಬಾಯಿ ಬರ್ಲಿಲ್ಲ. ಕರಾರ್ ಅಂದೆ. ಆ ರಾತ್ರಿ ಇಡೀ ನಿದ್ರಿಲ್ಲ ನಂಗ್, ನೀನ್ ಸಿಕ್ದಿ ಅಂದೇಳಿ ಗೊತ್ತಾಪುವರಿಗೂ."

ಬಾವ ದಾಳಗಳನ್ನು ಅಂಗೈಯಲ್ಲಿ ಆಡಿಸುವುದನ್ನು ನಿಲ್ಲಿಸಿದರು. ನಾನು ಪೆನ್ನು ಹಿಡಿದವನು ಹಾಗೇ ಕೂತಿದ್ದೆ. ಒಂದು ಸಾಲು ಬೇಕೋ ಬೇಡವೋ ಎಂದು ನನ್ನ ಕಕ್ಷಿಗಾರರು ಇಷ್ಟು ಹೊತ್ತು ತೆಗೆದುಕೊಂಡದ್ದು ಅದೇ ಮೊದಲು. ಕಡೆಗೆ ಗೋವಿಂದ ಮುಖ ಒರೆಸಿಕೊಂಡ.

"ಹಂಗಾರೆ ಬರಿ" ಎಂದ.

ಬರೆದೆ. ಕರಾರು ಎರಡನೆಯ ಹಾಳೆಗೆ ಹೋಯಿತು, ಆ ಹಾಳೆಯಲ್ಲಿ ಅದೊಂದೇ ಸಾಲು. ಇಬ್ಬರೂ ಅದರ ಕೆಳಗೆ ಸಹಿ ಮಾಡಿದರು. ಸಾಕ್ಷಿಯಾಗಿ ಬಾವ ಸಹಿ ಹಾಕಿದರು. ಇಪ್ಪತ್ತೇಳು ವರ್ಷದ ಹಿಂದೆ ಕೇಳಿದ್ದು ಈಗ ಸಿಕ್ಕಿತು ಎಂದು ಹೇಳಲು ಮರೆಯಲಿಲ್ಲ.

ಶಂಕರ ಹೊರಡಲಿಲ್ಲ. ಚಾ ಕುಡಿಯುತ್ತ ಕಪ್ಪು ಹಾಳೆಯನ್ನೇ ನೋಡುತ್ತಿದ್ದ. "ಇದೆಂತ ಅಣ್ಣ?" ಎಂದು ಕೇಳಿದ. ಗೋವಿಂದ ಕುರ್ಚಿಯನ್ನು ಕಾಲಿನಿಂದ ಅವನತ್ತ ದೂಡಿ, "ಕೂಕೋ, ಹೇಳ್ತೆ" ಎಂದ. ನನ್ನ ಎರಡು ಹಡಗುಗಳಲ್ಲಿ ಒಂದನ್ನು ಶಂಕರನಿಗೆ ಬಿಟ್ಟುಕೊಟ್ಟೆ. ಎರಡು ಸುತ್ತು ಆಯಿತು. ಬಾವ ದಾಳ ಹಾಕಿದರು, ಮತ್ತೆ ಆರು. ಮುರಿದ ರೆಕ್ಕೆಯ ಹಡಗೇ ಮತ್ತೆ ನಿಂತಿತು. ಶಂಕರನ ಹಡಗು ಆಗ ಎಲ್ಲರಿಗಿಂತ ಮುಂದಿತ್ತು, ಆಚೆ ಅಂಚಿಗೆ ಎರಡೇ ಮನೆ.

"ಎಂಜಿನ್ ನಿಂತ್ರೆ ಎಂತ ಮಾಡುದ್ ಇದ್ರಂಗೆ?" ಎಂದು ಕೇಳಿದ.

ಗೋವಿಂದ ಮುಚ್ಚಳವನ್ನು ಅವನ ಕಡೆ ತಿರುಗಿಸಿದ. "ಅಲ್ ಬರ್ದಿತ್ತ್. ಓದ್."

ಶಂಕರ ಮನಸ್ಸಿನಲ್ಲೇ ಒಮ್ಮೆ ಓದಿದ, ಆಮೇಲೆ ಬಾಯಿ ಬಿಟ್ಟು ಒಮ್ಮೆ. ಮತ್ತೆ ತನ್ನ ಹಡಗನ್ನು ಬೆರಳಿನಲ್ಲಿ ಹಿಡಿದು, ಒಂದೊಂದೇ ಮನೆ ಎಣಿಸುತ್ತ ನಾಲ್ಕು ಮನೆ ಹಿಂದಕ್ಕೆ ತಂದು, ನೂಲಿನ ಇನ್ನೊಂದು ತುದಿಯನ್ನು ಅದಕ್ಕೆ ಕಟ್ಟಿದ. ತಾಂಡೇಲರು ಹಾಕುವ ಗಂಟು, ಎಳೆದಷ್ಟೂ ಬಿಗಿಯುವಂಥದು. ಆ ಆಟದಲ್ಲಿ ನಾವು ಮೂವರೂ ಸೋತೆವು. ಗೇರುಬೀಜ ಗೆದ್ದಿತು.